ಆರಿಸಿದರೂ ಮತ್ತೆ ಹತ್ತುವ ಚೆಕ್ ಎಂಜಿನ್ ಲೈಟ್: ಹಳೆಯ ಕಾರಿನಲ್ಲಿ ಕಾರಣ ಹಿಡಿಯುವ ಬಗೆ

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ಲೈಟ್ ಆರಿಸುತ್ತಾರೆ. ನಾಲ್ಕೈದು ದಿನ ಏನೂ ಇರುವುದಿಲ್ಲ. ಆಮೇಲೆ ಜಮಖಂಡಿಗೋ ಮುಧೋಳಕ್ಕೋ ಹೊರಟಾಗ ಅದೇ ಹಳದಿ ಎಂಜಿನ್ ಚಿತ್ರ ಮೀಟರಿನಲ್ಲಿ ಮತ್ತೆ ಹತ್ತಿಕೊಳ್ಳುತ್ತದೆ. ಈ ಸಲ "ಸೆನ್ಸರ್ ಹೋಗೇತ್ರಿ ಸರ, ಹೊಸಾದು ಹಾಕಿಬಿಡೂಣ್ರಿ" ಅಂತಾರೆ. ಹಾಕಿಸುತ್ತೀರಿ, ದುಡ್ಡೂ ಕೊಡುತ್ತೀರಿ, ಲೈಟ್ ಮತ್ತೆ ಬರುತ್ತದೆ. ಹತ್ತು ಹದಿನೈದು ವರ್ಷ ಓಡಿದ ಕಾರು ಇರುವ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಕೊನೆಗೆ "ಹಳೇ ಗಾಡಿ, ಹಂಗೇ ಇರ್ತೈತಿ" ಅಂತ ಕೈಬಿಡುತ್ತಾರೆ.

ಕೈಬಿಡಬೇಡಿ. ಒಮ್ಮೆ ಬಂದು ಮಾಯವಾದ ಲೈಟ್‌ಗಿಂತ ಪದೇ ಪದೇ ಬರುವ ಲೈಟ್‌ನ ಕಾರಣ ಹುಡುಕುವುದು ಸುಲಭ. ಯಾಕೆಂದರೆ ಅದು ಸಾಮಾನ್ಯವಾಗಿ ಪ್ರತಿ ಸಲ ಒಂದೇ ಥರದ ಸಂದರ್ಭದಲ್ಲಿ ಬರುತ್ತದೆ. ಬೆಳಗಿನ ತಣ್ಣನೆಯ ಸ್ಟಾರ್ಟಿನಲ್ಲಿ, ಇಲ್ಲವೇ ಮಧ್ಯಾಹ್ನದ ಬಿಸಿಲಲ್ಲಿ ಎಸಿ ಹಾಕಿಕೊಂಡು ಏರು ಹತ್ತುವಾಗ, ಇಲ್ಲವೇ ಮಳೆ ಬಂದ ಮಾರನೇ ದಿನ. ಆ ಸಂದರ್ಭ ಯಾವುದು ಅಂತ ಹಿಡಿಯದೆ ಪಾರ್ಟ್ ಬದಲಿಸುತ್ತಾ ಹೋದರೆ ದುಡ್ಡು ಖಾಲಿಯಾಗುತ್ತದೆ, ಲೈಟ್ ಮಾತ್ರ ಹೋಗುವುದಿಲ್ಲ.

ಮೊದಲು, ಗಾಡಿ ಓಡಿಸಬಹುದೋ ಇಲ್ಲವೋ

ಲೈಟ್ ಒಂದೇ ಸಮ ಉರಿಯುತ್ತಿದ್ದು, ಎಂಜಿನ್ ನಡುಗದೆ ಓಡುತ್ತಿದ್ದರೆ, ಟೆಂಪರೇಚರ್ ಮುಳ್ಳು ಎಂದಿನ ಜಾಗದಲ್ಲೇ ಇದ್ದರೆ ಊರು ಸೇರಬಹುದು. ಕೆಂಪು ಆಯಿಲ್ ಲೈಟ್ ಹತ್ತಿದರೆ ಅಥವಾ ಟೆಂಪರೇಚರ್ ಏರಿದರೆ ವಿಷಯವೇ ಬೇರೆ, ಅಲ್ಲೇ ಬದಿಗೆ ಹಾಕಿ ಬಂದ್ ಮಾಡಿ.

ಚೆಕ್ ಎಂಜಿನ್ ಲೈಟ್ ಮಿಟುಕುತ್ತಿದ್ದರೆ ಹುಷಾರು. ಸಾಮಾನ್ಯವಾಗಿ ಅದರ ಅರ್ಥ, ಒಂದು ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಗಾಡಿ ಜೋರಾಗಿ ಮಿಸ್ಸಿಂಗ್ ಹೊಡೆಯುತ್ತಿದೆ ಅಂತ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಕನ್ವರ್ಟರ್ ಮಿತಿಮೀರಿ ಕಾಯುತ್ತದೆ, ಒಳಗಿನ ಜೇನುಗೂಡಿನಂಥ ಭಾಗ ಕರಗಲೂಬಹುದು. ಪ್ಲಗ್‌ಗೆ ಕಿಡಿ ಕೊಡುವ ಒಂದು ಕಾಯಿಲ್‌ನಲ್ಲಿ ಮುಗಿಯಬೇಕಿದ್ದ ಖರ್ಚು ಎಷ್ಟೋ ಪಟ್ಟು ಆಗುವುದು ಇಲ್ಲೇ. ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸಿ, ನಿಧಾನಕ್ಕೆ ಬಂದು ನಿಲ್ಲಿಸಿ. ನಿಲ್ಲಿಸುವಾಗ ಹೊಲದ ಬದಿಯ ಒಣ ಹುಲ್ಲಿನ ಮೇಲೆ, ಕಬ್ಬಿನ ರವದಿ ಮೇಲೆ ಮಾತ್ರ ಬೇಡ. ಕಾದ ಕನ್ವರ್ಟರ್ ಗಾಡಿಯ ಅಡಿಯಲ್ಲೇ ಇರುತ್ತದೆ, ರವದಿಗೆ ಬೆಂಕಿ ಹತ್ತಲು ಅಷ್ಟು ಸಾಕು.

ಲೈಟ್ ಆರಿದ ಮಾತ್ರಕ್ಕೆ ರಿಪೇರಿ ಆಗಿಲ್ಲ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅರ್ಧ ಗೊಂದಲ ಇಲ್ಲೇ ಹುಟ್ಟುತ್ತದೆ. ಎಂಜಿನ್ ಕಂಪ್ಯೂಟರ್, ಅಂದರೆ ಇಸಿಯು, ಹೆಚ್ಚಿನ ದೋಷಗಳಿಗೆ ಮೊದಲ ಸಲ ಕಂಡ ಕೂಡಲೇ ಲೈಟ್ ಹಾಕುವುದಿಲ್ಲ. ಮೊದಲ ಓಡಾಟದಲ್ಲಿ ಕಂಡದ್ದನ್ನು 'ಪೆಂಡಿಂಗ್' ಅಂತ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಓಡಾಟದಲ್ಲೂ ಅದೇ ದೋಷ ಕಂಡರೆ ಆಗ ಲೈಟ್. ಸಾಮಾನ್ಯವಾಗಿ ಸತತ ಮೂರು ಓಡಾಟಗಳಲ್ಲಿ ದೋಷ ಕಾಣದಿದ್ದರೆ ಲೈಟ್ ತಾನೇ ಆರುತ್ತದೆ. ಆದರೂ ಆ ದೋಷದ ಕೋಡ್ ಒಳಗೇ ಉಳಿದಿರುತ್ತದೆ. ಎಂಜಿನ್ ಸುಮಾರು 40 ಸಲ ತಣ್ಣಗಿನಿಂದ ಪೂರ್ತಿ ಬಿಸಿಯಾದ ಮೇಲೆ ಅಳಿಯುತ್ತದೆ. ಜೊತೆಗೆ ಕೆಲವು ಪರೀಕ್ಷೆಗಳನ್ನು ಇಸಿಯು ಎಲ್ಲ ಹೊತ್ತಿನಲ್ಲೂ ಮಾಡುವುದಿಲ್ಲ. ಎಂಜಿನ್ ಬಿಸಿ ಇರಬೇಕು, ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಮನೆಯಿಂದ ಮಾರ್ಕೆಟ್‌ಗೆ, ಮಾರ್ಕೆಟ್‌ನಿಂದ ಮನೆಗೆ ಅಷ್ಟೇ ಓಡಿಸಿದರೆ ಆ ಪರೀಕ್ಷೆ ನಡೆಯುವುದೇ ಇಲ್ಲ.

ಹಾಗಾಗಿ ಸ್ಕ್ಯಾನರ್‌ನಿಂದ ಕೋಡ್ ಅಳಿಸಿದರೆ ಅಥವಾ ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿದರೆ ಲೈಟ್ ಕೆಲವು ದಿನ ಬರದೇ ಇರುವುದು ಸಹಜ. ದೋಷ ಇದ್ದಲ್ಲೇ ಇರುತ್ತದೆ. ಇನ್ನೂ ಕೆಟ್ಟದ್ದು ಏನೆಂದರೆ, ಅಳಿಸಿದಾಗ ಆ ದೋಷ ಯಾವಾಗ ಬಂತು ಅನ್ನುವ ದಾಖಲೆಯೂ ಹೋಗುತ್ತದೆ. ಆದ್ದರಿಂದ ಮಿಸ್ತ್ರಿಗೆ ಮೊದಲೇ ಹೇಳಿ: "ಅಳಿಸಬೇಡ್ರಿ, ಮೊದಲ ನಾ ಫೋಟೊ ತಗೋತೀನಿ."

ಕೋಡ್ ಓದುವುದು

ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ, 16 ಪಿನ್‌ನ ಒಂದು ಸಾಕೆಟ್ ಇರುತ್ತದೆ. ಅದೇ ಒಬಿಡಿ ಪೋರ್ಟ್. ಇಎಲ್‌ಎಂ327 ಅಂತ ಬರುವ ಬ್ಲೂಟೂತ್ ಅಡಾಪ್ಟರ್ ಕೆಲವು ನೂರು ರೂಪಾಯಿಗೇ ಸಿಗುತ್ತದೆ. ಅದನ್ನು ಚುಚ್ಚಿ ಮೊಬೈಲಿನಲ್ಲಿ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಥರದ ಆ್ಯಪ್ ಹಾಕಿಕೊಂಡರೆ ಸಾಕು. 2013ರ ಏಪ್ರಿಲ್‌ನಿಂದ ಬಿಎಸ್-4 ಕಾರುಗಳಿಗೆ ನಮ್ಮ ದೇಶದಲ್ಲಿ ಒಬಿಡಿ-2 ಕಡ್ಡಾಯವಾಯಿತು. ಅದಕ್ಕಿಂತ ಹಳೆಯ ಗಾಡಿಗಳಲ್ಲೂ ಬಹಳಷ್ಟು ಓದುತ್ತವೆ, ಎಲ್ಲವೂ ಅಲ್ಲ. ತೀರಾ ಅಗ್ಗದ ನಕಲಿ ಅಡಾಪ್ಟರ್‌ಗಳು ಹಳೆಯ ಗಾಡಿಗಳ ಭಾಷೆಯನ್ನು ಪೂರ್ತಿ ಅರಿಯುವುದಿಲ್ಲ. ಕನೆಕ್ಟ್ ಆಗದಿದ್ದರೆ ಇಸಿಯು ಕೆಟ್ಟಿದೆ ಅಂದುಕೊಳ್ಳಬೇಡಿ, ಬೇರೆ ಅಡಾಪ್ಟರ್ ಹಾಕಿ ನೋಡಿ, ಇಲ್ಲವೇ ಆ ಕಂಪನಿಯ ಸ್ಕ್ಯಾನರ್ ಇರುವ ಕಡೆ ಓದಿಸಿ.

ಆ್ಯಪ್‌ನಲ್ಲಿ ಎಲ್ಲರೂ ನೋಡುವುದು ಕೋಡ್ ಮಾತ್ರ. ಅದರ ಜೊತೆಗೇ 'ಫ್ರೀಜ್ ಫ್ರೇಮ್' ಅಂತ ಇರುತ್ತದೆ, ಅದನ್ನು ತೆರೆಯಿರಿ. ದೋಷ ದಾಖಲಾದ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ವೇಗ ಎಷ್ಟು, ಕೂಲಂಟ್ ಎಷ್ಟು ಬಿಸಿ, ಎಂಜಿನ್ ಮೇಲೆ ಲೋಡ್ ಎಷ್ಟು, ಎಲ್ಲ ಅದರಲ್ಲಿರುತ್ತದೆ. ನಾನು ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಬೆಲೆ ಕೊಡುವುದು ಈ ಒಂದು ಪುಟಕ್ಕೆ. ಸ್ಕ್ರೀನ್‌ಶಾಟ್ ತೆಗೆದಿಡಿ. ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟು, ಲೈಟ್ ಬಂದಾಗಲೆಲ್ಲ ತಾರೀಖು, ಎಲ್ಲಿ ಬಂತು, ಎಂಜಿನ್ ತಣ್ಣಗಿತ್ತೋ ಬಿಸಿ ಇತ್ತೋ, ಎಸಿ ಇತ್ತೋ, ಮಳೆ ಬಂದಿತ್ತೋ, ಕಡೆಯ ಸಲ ಯಾವ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದ್ದು, ಇಷ್ಟು ಬರೆಯಿರಿ. ಗಾಡಿ ಓಡಿಸುತ್ತಲೇ ಬರೆಯಬೇಡಿ, ನಿಲ್ಲಿಸಿದ ಮೇಲೆ.

ಇನ್ನೊಂದು, ಕೋಡ್ ಅಂದರೆ ಪಾರ್ಟಿನ ಹೆಸರು ಅಂತ ತಿಳಿಯಬೇಡಿ. ಪಿ0171 ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅನ್ನುವ ಸ್ಥಿತಿ. ಅದು ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಕೊಟ್ಟ ವರದಿ. ವರದಿ ಕೊಟ್ಟವನನ್ನೇ ಕಿತ್ತುಹಾಕಿದರೆ ಏನು ಪ್ರಯೋಜನ? ಪಿ0135 ಮಾತ್ರ ಸೆನ್ಸರ್‌ನ ಒಳಗಿನ ಹೀಟರ್ ಸರ್ಕ್ಯೂಟ್‌ನ ಮಾತು. ಅಲ್ಲೂ ಮೊದಲು ಫ್ಯೂಸ್, ಆಮೇಲೆ ವೈರ್, ಕೊನೆಗೆ ಸೆನ್ಸರ್.

ಬಾನೆಟ್ ಎತ್ತಿ ಕಣ್ಣಿಂದ ನೋಡಿ

ಒಂದು ಪಾರ್ಟೂ ಕೊಳ್ಳುವ ಮೊದಲು ಟಾರ್ಚ್ ಹಿಡಿದು ಅರ್ಧ ಗಂಟೆ ನೋಡಿ. ನಮ್ಮ ಕಡೆ ಮೊದಲು ಹುಡುಕಬೇಕಾದದ್ದು ಇಲಿಯ ಗುರುತು. ಮಳೆ ಹಿಡಿದಾಗ, ಕಬ್ಬು ಕಟಾವಾಗಿ ಹೊಲ ಬರಿದಾದಾಗ ಇಲಿಗಳು ಬೆಚ್ಚನೆಯ ಜಾಗ ಹುಡುಕುತ್ತವೆ, ರಾತ್ರಿ ನಿಂತ ಕಾರಿನ ಎಂಜಿನ್‌ಗಿಂತ ಬೆಚ್ಚಗಿನ ಜಾಗ ಬೇರೆ ಬೇಕೇ. ಹಿಕ್ಕೆ, ಹುಲ್ಲು, ಚಿಂದಿ, ಅರ್ಧ ತಿಂದ ಸಪ್ಪೆ ಕಂಡರೆ ವೈರುಗಳನ್ನು ಒಂದೊಂದಾಗಿ ಕೈಯಾಡಿಸಿ ನೋಡಿ. ಪೂರ್ತಿ ತುಂಡಾದ ವೈರ್ ಬೇಗ ಸಿಗುತ್ತದೆ. ಕಾಡುವುದು ಮೇಲಿನ ಸಿಪ್ಪೆ ಮಾತ್ರ ಹೋದ ವೈರ್. ಒಣಗಿದ್ದಾಗ ಸರಿ ಇರುತ್ತದೆ, ತೇವ ಆದಾಗ ಅಥವಾ ಗಾಡಿ ಅಲುಗಾಡಿದಾಗ ಕೋಡ್ ಬರುತ್ತದೆ. ಬೆಳಗಾವಿ, ಖಾನಾಪುರ ಕಡೆಯ ಮಳೆಯಲ್ಲಿ ಇಂಥ ಗಾಡಿಗಳು ತಿಂಗಳುಗಟ್ಟಲೆ ಗ್ಯಾರೇಜ್ ಸುತ್ತುತ್ತವೆ. ಎಂಜಿನ್ ಚಾಲೂ ಇಟ್ಟು, ಬೆಲ್ಟ್ ಫ್ಯಾನ್‌ಗಳಿಂದ ಕೈ ದೂರ ಇಟ್ಟುಕೊಂಡು, ವೈರುಗಳನ್ನು ಜೋಡಿಸುವ ಕಪ್ಲರ್‌ಗಳನ್ನು ಒಂದೊಂದಾಗಿ ಮೆಲ್ಲಗೆ ಅಲುಗಾಡಿಸಿ. ಅಲುಗಿಸಿದಾಗ ಎಂಜಿನ್ ಸದ್ದು ಬದಲಾದರೆ ಜಾಗ ಸಿಕ್ಕಿತು. ಆಮೇಲೆ ಎಂಜಿನ್ ಬಂದ್ ಮಾಡಿ, ಕಪ್ಲರ್ ಬಿಚ್ಚಿ, ಹಸಿರು ಕಿಲುಬು ಇದೆಯಾ ನೋಡಿ, ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆಯಿರಿ. ಕಡಿದ ವೈರನ್ನು ಸುಮ್ನೆ ತಿರುಚಿ ಟೇಪ್ ಸುತ್ತಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ. ಬೆಸುಗೆ ಹಾಕಿಸಿ, ಮೇಲೆ ಕಾಯಿಸಿದರೆ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿ.

ಬಾಗಲಕೋಟೆ, ವಿಜಯಪುರದ ಎರೆ ಮಣ್ಣಿನ ದೂಳು ಇನ್ನೊಂದು ಕಾಟ. ಬುಕ್ಕಿನಲ್ಲಿ ಬರೆದ ಕಿಲೋಮೀಟರ್‌ವರೆಗೆ ಏರ್ ಫಿಲ್ಟರ್ ಕಾಯಬೇಡಿ, ಹಳ್ಳಿ ರಸ್ತೆಯಲ್ಲಿ ಓಡುವ ಗಾಡಿಗೆ ಅದಕ್ಕಿಂತ ಬೇಗ ಬದಲಿಸಬೇಕು. ಫಿಲ್ಟರ್ ಡಬ್ಬಿಯ ಕ್ಲಿಪ್ ಸರಿಯಾಗಿ ಕೂರದಿದ್ದರೆ ದೂಳು ನೇರ ಒಳಗೆ ಹೋಗಿ ಗಾಳಿ ಅಳೆಯುವ ಮ್ಯಾಫ್ ಸೆನ್ಸರ್‌ಗೆ ಮೆತ್ತುತ್ತದೆ. ಅದನ್ನು ಮ್ಯಾಫ್ ಕ್ಲೀನರ್ ಸ್ಪ್ರೇಯಿಂದ ಮಾತ್ರ ತೊಳೆಯಿರಿ. ಬಟ್ಟೆ, ಬ್ರಷ್ ಮುಟ್ಟಿಸಬೇಡಿ, ಒಳಗಿನ ತಂತಿ ಬಹಳ ನಾಜೂಕು.

ಬ್ಯಾಟರಿಯನ್ನೂ ನೋಡಿಬಿಡಿ. ರಾತ್ರಿಯೆಲ್ಲ ನಿಂತ ಮೇಲೆ 12.6 ವೋಲ್ಟ್ ಆಸುಪಾಸು, ಎಂಜಿನ್ ಚಾಲೂ ಇದ್ದಾಗ 13.8ರಿಂದ 14.5. ಅರ್ಥಿಂಗ್ ವೈರ್ ಬಾಡಿಗೆ ಸೇರುವ ಬೋಲ್ಟ್ ತುಕ್ಕು ಹಿಡಿದಿದ್ದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕೈದು ಕೋಡ್ ಒಟ್ಟಿಗೆ ಬರುತ್ತವೆ. ಅಂಥ ಗುಂಪು ಕಂಡರೆ ಸೆನ್ಸರ್ ಕಡೆ ಹೋಗುವುದೇ ಬೇಡ, ಅರ್ಥಿಂಗ್ ಉಜ್ಜಿ ಬಿಗಿಮಾಡಿ.

ಯೂಟ್ಯೂಬ್‌ನಲ್ಲಿ ಅಮೆರಿಕದವರು "ಪೆಟ್ರೋಲ್ ಟ್ಯಾಂಕ್ ಕ್ಯಾಪ್ ಬಿಗಿ ಮಾಡಿ, ಲೈಟ್ ಹೋಗುತ್ತೆ" ಅಂತ ಹೇಳುವುದನ್ನು ನೋಡಿರುತ್ತೀರಿ. ಅಲ್ಲಿನ ಕಾರುಗಳು ಟ್ಯಾಂಕಿನ ಆವಿ ಸೋರುತ್ತಿದೆಯೇ ಅಂತ ತಾವೇ ಪರೀಕ್ಷಿಸುತ್ತವೆ. ನಮ್ಮ ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಆ ಪರೀಕ್ಷೆ ಇಲ್ಲ. ಕ್ಯಾಪ್ ಬಿಗಿ ಇರಲಿ, ಆದರೆ ಲೈಟ್‌ನ ಕಾರಣ ಅಲ್ಲಿ ಹುಡುಕಬೇಡಿ.

ಪಿ0171 ಮತ್ತು ಎಥೆನಾಲ್ ಪೆಟ್ರೋಲ್

ಈಗ ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ನನ್ನನ್ನು ಜನ ಹೆಚ್ಚು ಕೇಳುವುದು ಈ ಕೋಡ್ ಬಗ್ಗೆ. 2025ರ ಹೊತ್ತಿಗೆ ಬಹುತೇಕ ಬಂಕ್‌ಗಳಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಅದರಲ್ಲಿ ಒಂದು ಪಾಲು ನಮ್ಮ ಬೆಳಗಾವಿ, ಬಾಗಲಕೋಟೆ ಭಾಗದ ಕಬ್ಬಿನಿಂದಲೇ ತಯಾರಾದದ್ದು. ಕಬ್ಬು ಬೆಳೆಗಾರರಿಗೆ ಅದರಿಂದ ಅನುಕೂಲ ಇದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಮ್ಮ ಹಳೆಯ ಗಾಡಿಗೆ ಅದು ಏನು ಮಾಡುತ್ತದೆ ಅಂತ ತಿಳಿದಿರಬೇಕು.

ಬರೀ ಪೆಟ್ರೋಲ್ ಸರಿಯಾಗಿ ಉರಿಯಲು ಒಂದು ಪಾಲು ಪೆಟ್ರೋಲ್‌ಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಎಥೆನಾಲ್‌ನ ಒಳಗೇ ಆಮ್ಲಜನಕ ಇರುವುದರಿಂದ ಅದಕ್ಕೆ ಸುಮಾರು 9 ಪಾಲು ಸಾಕು. ಶೇ 20 ಬೆರೆತಾಗ ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತದೆ. ಅಂದರೆ ಅಷ್ಟೇ ಗಾಳಿಗೆ ಗಾಡಿ ಸ್ವಲ್ಪ ಹೆಚ್ಚು ಇಂಧನ ಹಾಕಬೇಕು. ಇಸಿಯು ಅದನ್ನು ತಾನೇ ಸರಿದೂಗಿಸುತ್ತದೆ. ಎಷ್ಟು ಹೆಚ್ಚು ಹಾಕುತ್ತಿದೆ ಅನ್ನುವುದು ಆ್ಯಪ್‌ನ ಲೈವ್ ಡೇಟಾದಲ್ಲಿ 'ಫ್ಯೂಯಲ್ ಟ್ರಿಮ್' ಅಂತ ಕಾಣುತ್ತದೆ. ಶಾರ್ಟ್ ಟರ್ಮ್ ಅಂದರೆ ಈ ಕ್ಷಣದ್ದು, ಲಾಂಗ್ ಟರ್ಮ್ ಅಂದರೆ ಅದು ಓಡುತ್ತಾ ಕಲಿತದ್ದು. ಎರಡನ್ನೂ ಕೂಡಿಸಿದರೆ ಪ್ಲಸ್ ಶೇ 10, ಮೈನಸ್ ಶೇ 10ರ ಒಳಗಿದ್ದರೆ ಚಿಂತೆ ಇಲ್ಲ. ಪ್ಲಸ್ 20–25ರ ಸುತ್ತ ಹೋದರೆ ಪಿ0171 ಬರುತ್ತದೆ.

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಆರೋಗ್ಯವಾಗಿರುವ ಗಾಡಿಗೆ ಎಥೆನಾಲ್ ಒಂದರಿಂದಲೇ ಲೈಟ್ ಬರಬಾರದು. ಆದರೆ ಹಳೆಯ ಗಾಡಿಯಲ್ಲಿ ಒಂದು ಸಣ್ಣ ಗಾಳಿ ಸೋರಿಕೆ, ಸ್ವಲ್ಪ ದಣಿದ ಪಂಪ್, ಅರ್ಧ ಕಟ್ಟಿದ ಇಂಜೆಕ್ಟರ್ ಮೊದಲೇ ಇದ್ದರೆ, ಇಷ್ಟು ದಿನ ಮಿತಿಯ ಒಳಗಿದ್ದದ್ದು ಎಥೆನಾಲ್ ಸೇರಿ ಮಿತಿ ದಾಟುತ್ತದೆ. ಜನ ಪೆಟ್ರೋಲ್ ಬೈಯುತ್ತಾರೆ, ಸೋರಿಕೆ ಹಾಗೇ ಉಳಿಯುತ್ತದೆ. ಎಥೆನಾಲ್‌ಗೆ ಹೊಂದದ ಹಳೆಯ ರಬ್ಬರ್ ಪೈಪು, ಸೀಲುಗಳು ಬೇಗ ಗಟ್ಟಿಯಾಗಿ ಬಿರುಕು ಬಿಡಬಹುದು, ಅದೂ ನಿಜ. ಹಾಗಾಗಿ ಪೈಪಿನ ತುದಿಗಳಲ್ಲಿ ಪೆಟ್ರೋಲ್ ವಾಸನೆ, ಒದ್ದೆ ಇದೆಯಾ ನೋಡುತ್ತಿರಿ. ತಿಂಗಳುಗಟ್ಟಲೆ ನಿಂತೇ ಇರುವ ಗಾಡಿಯಲ್ಲಿ ಈ ಪೆಟ್ರೋಲ್ ತೇವ ಹೀರಿಕೊಳ್ಳುತ್ತದೆ. ವಾರಕ್ಕೊಮ್ಮೆಯಾದರೂ ಓಡಿಸಿ.

ಸೋರಿಕೆಯೋ ಪೆಟ್ರೋಲ್ ಕೊರತೆಯೋ ಅಂತ ಬೇರ್ಪಡಿಸುವುದು ಹೀಗೆ. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ, ಟ್ರಿಮ್ ನೋಡಿ, ಆಮೇಲೆ 2500 ಆರ್‌ಪಿಎಂನಲ್ಲಿ ಹಿಡಿದು ನೋಡಿ. ಐಡಲ್‌ನಲ್ಲಿ ಜಾಸ್ತಿ ಇದ್ದು ಆರ್‌ಪಿಎಂ ಏರಿಸಿದಾಗ ಇಳಿದರೆ ಎಲ್ಲೋ ಗಾಳಿ ಕಳ್ಳದಾರಿಯಲ್ಲಿ ಒಳಗೆ ಹೋಗುತ್ತಿದೆ: ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್, ಇನ್‌ಟೇಕ್ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರ್ ಪೈಪ್. ತದ್ವಿರುದ್ಧವಾಗಿ ಹೆದ್ದಾರಿಯಲ್ಲಿ, ಲೋಡ್ ಮೇಲೆ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಮ್ಯಾಫ್ ಸೆನ್ಸರ್ ಕೊಳೆಯಾಗಿದೆ. ಆಗ ಫ್ಯೂಯಲ್ ಪ್ರೆಷರ್ ಗೇಜ್ ಹಾಕಿಸಿ. ಸಾಮಾನ್ಯ ಪೆಟ್ರೋಲ್ ಕಾರುಗಳಲ್ಲಿ ಅದು 3ರಿಂದ 4 ಬಾರ್ ಸುತ್ತಮುತ್ತ ಇರುತ್ತದೆ, ನಿಮ್ಮ ಮಾಡೆಲ್‌ನ ಸರಿಯಾದ ಅಂಕಿ ಕೇಳಿಕೊಳ್ಳಿ. ಒಂದು ಸೂಕ್ಷ್ಮ ಇದೆ: ನಮ್ಮ ಸಣ್ಣ ಕಾರುಗಳಲ್ಲಿ ಬಹಳಷ್ಟಕ್ಕೆ ಮ್ಯಾಫ್ ಬದಲು ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುತ್ತದೆ. ಅಂಥ ಗಾಡಿಯಲ್ಲಿ ಗಾಳಿ ಸೋರಿಕೆ ಟ್ರಿಮ್‌ಗಿಂತ ಹೆಚ್ಚಾಗಿ ಐಡಲ್ ಆರ್‌ಪಿಎಂ ಏರುವುದರಲ್ಲಿ ಕಾಣುತ್ತದೆ.

ಸೋರುವ ಜಾಗ ಹುಡುಕಲು ಹೊಗೆ ಬಿಡುವ ಸ್ಮೋಕ್ ಟೆಸ್ಟ್ ಎಲ್ಲಕ್ಕಿಂತ ಸುರಕ್ಷಿತ. ಕಾರ್ಬ್ ಕ್ಲೀನರ್ ಸಿಂಪಡಿಸಿ ಆರ್‌ಪಿಎಂ ಬದಲಾಗುತ್ತದಾ ನೋಡುವ ಪದ್ಧತಿ ನಮ್ಮ ಗ್ಯಾರೇಜ್‌ಗಳಲ್ಲಿದೆ. ಅದು ಹತ್ತಿ ಉರಿಯುವ ವಸ್ತು, ಪಕ್ಕದಲ್ಲೇ ಕಾದ ಸೈಲೆನ್ಸರ್ ಇರುತ್ತದೆ. ಅದನ್ನು ಅನುಭವ ಇದ್ದವರಿಗೇ ಬಿಡಿ.

ಮಿಸ್ಸಿಂಗ್, ಗ್ಯಾಸ್ ಕಿಟ್, ಬಿಸಿಲು

ಪಿ0301ರಿಂದ ಪಿ0304ರವರೆಗಿನ ಕೋಡ್ ಯಾವ ಸಿಲಿಂಡರ್ ಮಿಸ್ ಆಗುತ್ತಿದೆ ಅಂತ ಹೇಳುತ್ತದೆ. ಪ್ಲಗ್ ಮೇಲೆ ಬೇರೆ ಬೇರೆ ಕಾಯಿಲ್ ಇರುವ ಗಾಡಿಯಾದರೆ ಖರ್ಚಿಲ್ಲದ ಪರೀಕ್ಷೆ ಇದೆ. ಎಂಜಿನ್ ಬಂದ್ ಇದ್ದಾಗ ಎರಡನೇ ಸಿಲಿಂಡರ್‌ನ ಕಾಯಿಲ್ ಅನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿ ಓಡಿಸಿ. ಪಿ0302 ಇದ್ದದ್ದು ಪಿ0303 ಆದರೆ ಕಾಯಿಲ್ ಕೆಟ್ಟಿದೆ, ಒಂದನ್ನು ಮಾತ್ರ ಕೊಳ್ಳಿ. ಕೋಡ್ ಅಲ್ಲೇ ಉಳಿದರೆ ಪ್ಲಗ್ ಅದಲುಬದಲು ಮಾಡಿ ನೋಡಿ. ಆಗಲೂ ಅಲ್ಲೇ ಇದ್ದರೆ ಇಂಜೆಕ್ಟರ್, ಆಮೇಲೆ ಕಂಪ್ರೆಷನ್. ಪಿ0300 ಬಂದರೆ ಒಂದೇ ಸಿಲಿಂಡರ್ ಅಲ್ಲ, ಎಲ್ಲದಕ್ಕೂ ಸೇರಿದ ಕಾರಣ ಹುಡುಕಬೇಕು.

ಹೊರಗಿನಿಂದ ಹಾಕಿಸಿದ ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಇದ್ದರೆ ಮೊದಲು ಬರೀ ಪೆಟ್ರೋಲ್‌ನಲ್ಲಿ ಕೆಲವು ದಿನ ಓಡಿಸಿ. ಲೈಟ್ ಬರದಿದ್ದರೆ ಸೆನ್ಸರ್ ಕೊಳ್ಳುವ ಮಾತೇ ಇಲ್ಲ, ಕಿಟ್ ಟ್ಯೂನ್ ಮಾಡಿಸಬೇಕು. ಕಿಟ್ ಹಾಕುವಾಗ ಕತ್ತರಿಸಿ ಸೇರಿಸಿದ ವೈರುಗಳ ಜೋಡಣೆಯನ್ನೂ ಬಿಚ್ಚಿ ನೋಡಿಸಿ.

ವಿಜಯಪುರದ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಮಾತ್ರ ಬರುವ ಒಂದು ದೋಷ ಇದೆ. ಗಾಡಿ ಓಡುತ್ತಾ ಓಡುತ್ತಾ ಗಪ್ಪನೆ ಬಂದ್ ಆಗುತ್ತದೆ, ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ, ಕೋಡ್ ಪಿ0335. ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಬಿಸಿಯಾದಾಗ ಸಿಗ್ನಲ್ ಬಿಡುವುದು ಹಳೆಯ ಗಾಡಿಗಳಲ್ಲಿ ಸಾಮಾನ್ಯ. ಗ್ಯಾರೇಜ್ ಮುಟ್ಟುವ ಹೊತ್ತಿಗೆ ತಣ್ಣಗಾಗಿ ಎಲ್ಲ ಸರಿ ಕಾಣುತ್ತದೆ. ಆದ್ದರಿಂದಲೇ ನೋಟ್‌ಬುಕ್ ಬೇಕು ಅಂದದ್ದು. ಇದನ್ನು ಮುಂದೂಡಬೇಡಿ, ಟ್ರಕ್‌ಗಳ ನಡುವೆ ಸೋಲಾಪುರ ರಸ್ತೆಯಲ್ಲಿ ಎಂಜಿನ್ ಬಂದ್ ಆದರೆ ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕ್ ಕೂಡ ಗಟ್ಟಿಯಾಗುತ್ತದೆ.

ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಪಿ0420 ಬಂದ ಕೂಡಲೇ ಹೊಸ ಕನ್ವರ್ಟರ್ ಅಂತ ಹೇಳಿದರೆ ಒಪ್ಪಬೇಡಿ. ಸೈಲೆನ್ಸರ್ ಜಾಯಿಂಟ್‌ನಲ್ಲಿ ಸೋರಿಕೆ ಇದ್ದರೂ ಬರುತ್ತದೆ. ಲೈವ್ ಡೇಟಾದಲ್ಲಿ ಮುಂದಿನ ಆಕ್ಸಿಜನ್ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಬೇಗಬೇಗ ಏರಿಳಿಯಬೇಕು, ಹಿಂದಿನದು ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲಬೇಕು. ಹಿಂದಿನದೂ ಮುಂದಿನದರ ಹಾಗೇ ಕುಣಿಯುತ್ತಿದ್ದರೆ, ಸೋರಿಕೆಯೂ ಇಲ್ಲದಿದ್ದರೆ, ಆಗ ಕನ್ವರ್ಟರ್ ಮೇಲೆ ಅನುಮಾನ ಪಡಿ. ಅದು ಯಾಕೆ ಹಾಳಾಯಿತು ಅಂತಲೂ ಕೇಳಿ. ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ ಹೊಸದೂ ಹಾಗೇ ಹಾಳಾಗುತ್ತದೆ. ಪೆಟ್ರೋಲ್ ಗಾಡಿಯ ಪಿಯುಸಿ ಚೀಟಿಯನ್ನೂ ಎಸೆಯಬೇಡಿ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಏರಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಹೈಡ್ರೋಕಾರ್ಬನ್ ಏರಿದ್ದರೆ ಉರಿಯದೆ ಹೊರಗೆ ಬರುತ್ತಿದೆ.

ಡೀಸೆಲ್ ಗಾಡಿಗೆ ಪಿ0401 ಬಂದರೆ, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ ಇಜಿಆರ್ ವಾಲ್ವ್‌ನಲ್ಲಿ ಮಸಿ ಕಟ್ಟಿರುವ ಸಾಧ್ಯತೆಯೇ ಹೆಚ್ಚು, ಬಿಚ್ಚಿ ತೊಳೆಸಿ. ಡೀಸೆಲ್ ಒತ್ತಡ ಕಡಿಮೆ ಅನ್ನುವ ಪಿ0087 ಬಂದರೆ ಪಂಪ್ ಕಡೆ ಹೋಗುವ ಮೊದಲು ಡೀಸೆಲ್ ಫಿಲ್ಟರ್ ಬದಲಿಸಿ, ಅದರ ನೀರನ್ನೂ ಇಳಿಸಿ.

ಗ್ಯಾರೇಜಿನಲ್ಲಿ ಮತ್ತು ಆಮೇಲೆ

ಪಾರ್ಟ್ ಬದಲಿಸಬೇಕು ಅಂದಾಗ ಜಗಳ ಬೇಡ, ಒಂದೇ ಪ್ರಶ್ನೆ ಕೇಳಿ: "ಇದ ಕೆಟ್ಟೈತಿ ಅಂತ ಯಾವ ಟೆಸ್ಟಿನಿಂದ ಗೊತ್ತಾತ್ರಿ?" ಒಳ್ಳೆಯ ಮಿಸ್ತ್ರಿಗೆ ಈ ಪ್ರಶ್ನೆಯಿಂದ ಬೇಜಾರಾಗುವುದಿಲ್ಲ, ಮೀಟರ್ ಹಿಡಿದು ತೋರಿಸುತ್ತಾರೆ. ನಿಮ್ಮ ನೋಟ್‌ಬುಕ್, ಫ್ರೀಜ್ ಫ್ರೇಮ್ ಫೋಟೊ ಅವರಿಗೆ ಕೊಡಿ, ಅವರ ಹೊತ್ತೂ ಉಳಿಯುತ್ತದೆ. ಹುಡುಕಿದ ಕೆಲಸಕ್ಕೂ ಮಜೂರಿ ಕೊಡಿ. ಬರೀ ಪಾರ್ಟ್ ಹಾಕಿದ್ದಕ್ಕೆ ಮಾತ್ರ ದುಡ್ಡು ಕೊಡುವ ನಮ್ಮ ಅಭ್ಯಾಸದಿಂದಲೇ ಎಲ್ಲರೂ ಪಾರ್ಟ್ ಹಾಕಲು ಆತುರಪಡುತ್ತಾರೆ. ಹಳೆಯ ಪಾರ್ಟ್ ವಾಪಸ್ ತೆಗೆದುಕೊಳ್ಳಿ.

ರಿಪೇರಿ ಆದ ಮೇಲೆ ಕೋಡ್ ಅಳಿಸಿ. ಈಗ ಅಳಿಸುವುದು ಸರಿ. ಮಾರನೇ ದಿನ ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಊರೊಳಗೆ ಸ್ವಲ್ಪ ಓಡಿಸಿ, ಆಮೇಲೆ ವಿಜಯಪುರದಿಂದ ಕೊಲ್ಹಾರ ಸೇತುವೆ ಕಡೆಗೆ ಹೋಗುವಂಥ ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ಹೋಗಿ ಬನ್ನಿ. ನಡುವೆ ಕೆಲವು ಸಲ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ವೇಗ ಇಳಿಯಲು ಬಿಡಿ. ಆ್ಯಪ್‌ನಲ್ಲಿ 'ರೆಡಿನೆಸ್' ಅಂತ ಇರುತ್ತದೆ, ಅಲ್ಲಿ ಪರೀಕ್ಷೆಗಳು 'ಕಂಪ್ಲೀಟ್' ಆಗುವವರೆಗೆ ಇದನ್ನು ಬೇರೆ ದಿನಗಳಲ್ಲೂ ಮಾಡಿ. ಮೊದಲು ಯಾವ ಸಂದರ್ಭದಲ್ಲಿ ಲೈಟ್ ಬರುತ್ತಿತ್ತೋ ಅದನ್ನೂ ಒಮ್ಮೆ ಬೇಕೆಂದೇ ಮರುಕಳಿಸಿ: ಎಸಿ ಹಾಕಿ ಏರು ಹತ್ತಿಸಿ, ಅಥವಾ ಮಧ್ಯಾಹ್ನದ ಬಿಸಿಲಿಗೆ ತೆಗೆಯಿರಿ. ಎಲ್ಲ ಕಂಪ್ಲೀಟ್ ಆಗಿ ಪೆಂಡಿಂಗ್ ಜಾಗ ಖಾಲಿ ಇದ್ದರೆ ಕೆಲಸ ಆಯಿತು. ಪೆಂಡಿಂಗ್‌ನಲ್ಲಿ ಅದೇ ಕೋಡ್ ಮತ್ತೆ ಕೂತಿದ್ದರೆ ಲೈಟ್ ಹತ್ತುವವರೆಗೆ ಕಾಯಬೇಡಿ, ಟ್ರಿಮ್ ಮತ್ತು ಬಿಸಿಯ ಅಂಕಿಗಳನ್ನು ಹಳೆಯ ಫೋಟೊ ಜೊತೆ ಹೋಲಿಸಿ ನೋಡಿ. ಅಂಕಿ ಸುಧಾರಿಸಿದ್ದರೆ ಒಂದು ಕಾರಣ ಹೋಗಿದೆ, ಇನ್ನೊಂದು ಉಳಿದಿದೆ. ಏನೂ ಬದಲಾಗದಿದ್ದರೆ ಬದಲಿಸಿದ ಪಾರ್ಟ್ ಕಾರಣವಾಗಿರಲಿಲ್ಲ, ವೈರಿಂಗ್‌ನಿಂದ ಮತ್ತೆ ಶುರು ಮಾಡಿ.